ಅತ್ತೆ ಕೂತ ಮೆಟ್ಟಿಲು

ನಮ್ಮತ್ತೆ ನನ್ನೆದುರಿಗೆ ಕೂಡುವುದಿಲ್ಲ. ಗಜೇಂದ್ರಗಡದಲ್ಲಿ ಇದೇನೂ ದೊಡ್ಡ ಮಾತಲ್ಲ. ಅಳಿಯ ಬಂದರೆ ಅತ್ತೆ ತಲೆ ಮೇಲೆ ಸೆರಗು ಎಳೆದುಕೊಂಡು ಒಳಗೆ ಹೋಗುತ್ತಾಳೆ. ಏನಿದ್ದರೂ ಬಾಗಿಲ ಮರೆಯಿಂದ ಮಗಳ ಕೈಲಿ ಹೇಳಿಸುತ್ತಾಳೆ. ಅವರ ಮನೆಯಲ್ಲಿ ಪಡಸಾಲೆ ಇತ್ತು, ಮಗ್ಗದ ಕೋಣೆ ಇತ್ತು, ಹಿತ್ತಲಿತ್ತು. ಹಬ್ಬಕ್ಕೆ ಹೋದಾಗ ಜಮಖಾನೆ ಮೇಲೆ ನಾನೊಬ್ಬನೇ ಕೂತು ಹೋಳಿಗೆ ತಿನ್ನುತ್ತಿದ್ದೆ. ಲಕ್ಕಲಕಟ್ಟಿಯಲ್ಲಿ ಕಂಡವರ ಹೊಲದಲ್ಲಿ ದುಡಿದು ಬೆಳೆದವನು ನಾನು. ನನ್ನನ್ನು ನೋಡಿ ಎದ್ದು ನಿಂತವರೆಂದರೆ ಆ ಮನೆಯವರು ಮಾತ್ರ. ಖುಷಿಯಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಆಮೇಲೆ ಮಸ್ಕತ್ತಿಗೆ ಬಂದೆ. ಕ್ರೇನ್ ನಡೆಸುವುದು ಕಲಿತೆ, ಹೆಂಡತಿಯನ್ನು ಕರೆಸಿಕೊಂಡೆ. ಮಾವ ತೀರಿಕೊಂಡ ಮೇಲೆ ಊರಲ್ಲಿ ಮಗ್ಗ ನಿಂತಿತು. ಅತ್ತೆಯನ್ನೂ ಅವರ ಮಗನನ್ನೂ ಇಲ್ಲಿಗೇ ಕರೆತರೋಣ ಅಂತ ನಾನೇ ಹೇಳಿದೆ. ಹುಡುಗನಿಗೆ ನಾನಿರುವ ಕಡೆಯೇ ಕೆಲಸ ಸಿಗುತ್ತಿತ್ತು. ಹೆಂಡತಿ ಬಸುರಿ, ಬಾಣಂತನಕ್ಕೆ ತಾಯಿ ಬೇಕಿತ್ತು. ಮಾಲೀಕನ ಬೆನ್ನು ಹತ್ತಿ ವೀಸಾ ಮಾಡಿಸಿದೆ. ಊರಿಗೆ ಹೋಗಿ ಅವರನ್ನು ರೋಣ, ಗದಗ ಅಂತ ಆಫೀಸುಗಳಿಗೆಲ್ಲ ಕರೆದುಕೊಂಡು ಅಡ್ಡಾಡಿದೆ. ಬಸ್ಸಿನಲ್ಲಿ ನಾನು ಮುಂದೆ ಕೂತರೆ ಅತ್ತೆ ಕೊನೆಯ ಸೀಟಿಗೆ ಹೋಗಿಬಿಡುತ್ತಿದ್ದರು.

ವಿಮಾನದಲ್ಲಿ ಕೊನೆಯ ಸೀಟು ಎಲ್ಲಿ ಸಿಗಬೇಕು? ನಮ್ಮ ಮೂವರದೂ ಒಂದೇ ಸಾಲು. ಅತ್ತೆ ಮಗನನ್ನು ನಡುವೆ ಕೂರಿಸಿ, ಕಿಟಕಿ ಕಡೆ ಮುಖ ಮಾಡಿ, ಸೆರಗು ಎಳೆದುಕೊಂಡರು. ಊಟ ಬಂತು. ಅಳಿಯನ ಊಟ ಮುಗಿಯದೆ ಅವರು ಕೈ ಹಾಕುವುದಿಲ್ಲ. ನಾನು ಆರಾಮಾಗಿ ತಿಂದೆ. ಅಷ್ಟರಲ್ಲಿ ಊಟ ಕೊಟ್ಟ ವಿಮಾನದ ಹುಡುಗಿ ಬಂದು ಎಲ್ಲರ ತಟ್ಟೆ ಎತ್ತುತ್ತಾ ಅತ್ತೆಯದನ್ನೂ ಎತ್ತಿಕೊಂಡು ಹೋದಳು.

"ಯವ್ವಾ, ಬ್ಯಾಡ ಅನಬೇಕಿಲ್ಲ ಆಕಿಗೆ?" ಅಂದ ಹುಡುಗ.

"ಇರ್ಲಿ ತಗೋ, ನನಗೇನ್ ಹಸಿವಿಲ್ಲ" ಅಂತ ಅತ್ತೆ ಕಿಟಕಿಗೆ ಹೇಳಿದರು.

ನನಗೆ ನಗು ಬಂತು. ಈಗ ಬರುವುದಿಲ್ಲ.

ಮಸ್ಕತ್ತಿನ ನಮ್ಮ ಮನೆ ಒಂದೇ ಕೋಣೆಯದು. ಒಂದು ಮೂಲೆಯಲ್ಲಿ ಒಲೆ, ಇನ್ನೊಂದರಲ್ಲಿ ಮಂಚ, ಗೋಡೆಗೊಂದು ಎ.ಸಿ. ಎರಡನೇ ಮಹಡಿ. ಕೆಲಸದಿಂದ ಬಂದವನೇ ಅಂಗಿ ಕಳಚಿ ಎ.ಸಿ. ಕೆಳಗೆ ಬಿದ್ದುಕೊಳ್ಳುತ್ತಿದ್ದೆ. ಅತ್ತೆ ಆಗ ಹೊರಗೆ ಹೋಗುತ್ತಿದ್ದರು. ಪಕ್ಕದ ಮನೆಯವರ ಹತ್ತಿರ ಇರಬೇಕು ಅಂದುಕೊಂಡಿದ್ದೆ. ಪಕ್ಕದ ಮನೆಯವರ ಭಾಷೆ ಅವರಿಗೆ ಬರುವುದಿಲ್ಲ ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ಹೆಂಡತಿ ನೆಲ ನೋಡುತ್ತಾ, "ಅವ್ವ ಊರಿಗೆ ಹೋಗ್ತೀನಿ ಅನ್ನಾಕತ್ಯಾಳ್ರೀ. ಟಿಕೆಟ್ ತಗಿಸು ಅಂತಾಳ" ಅಂದಳು.

ನನಗೆ ಸಿಟ್ಟು ಬಂತು. "ಕೂಸು ಹುಟ್ಟೂದ್ರಾಗ? ಏನ್ ಕಡಿಮಿ ಆಗೈತಿ ಇಲ್ಲಿ? ಎ.ಸಿ. ಐತಿ, ಫ್ರಿಜ್ ಐತಿ. ಎಷ್ಟ್ ಓಡ್ಯಾಡೀನಿ ನಾ!"

"ಹವಾ ಹಿಡಿಸವಲ್ದು ಅಂತ" ಅಂದಳು. ಮುಖ ಎತ್ತಲಿಲ್ಲ.

ಮರುದಿನ ಶುಕ್ರವಾರ, ರಜೆ. ಬೀಡಿ ತರಲು ಕೆಳಗಿನ ಅಂಗಡಿಗೆ ಹೋದೆ. ಅಂಗಡಿಯವನು ಕೇರಳದವನು, ಹಿಂದಿಯಲ್ಲಿ ಮಾತಾಡುತ್ತಾನೆ. ಬೀಡಿ ಕೊಡಲಿಲ್ಲ. ಆ ಮುದುಕಿಯನ್ನು ಯಾಕೆ ಮನೆಯಿಂದ ಹೊರಗೆ ಹಾಕುತ್ತೀಯಾ, ಇವತ್ತು ಬೆಳಗಿನಿಂದ ಮೆಟ್ಟಿಲ ಮೇಲೆ ಕೂತಿದ್ದಾಳೆ, ಮೇಲಿನ ಮನೆಗೆ ಸಾಮಾನು ಕೊಡಲು ಹೋದಾಗ ನಾನೇ ನೀರು ಕೊಟ್ಟೆ ಅಂತ ಅಷ್ಟು ಜನರ ಮುಂದೆ ಕೇಳಿದ.

ನಮ್ಮ ಮಹಡಿಯ ಮೇಲೆ ಇನ್ನೊಂದು ಮಹಡಿ, ಅದರ ಮೇಲೆ ಬಯಲು ಮಾಳಿಗೆ. ಮಾಳಿಗೆಗೆ ಹೋಗುವ ಮೆಟ್ಟಿಲ ಮೇಲೆ ಅತ್ತೆ ಇದ್ದರು. ಊರಿಂದ ಅಕ್ಕಿ ಕಟ್ಟಿ ತಂದಿದ್ದ ಚೀಲವನ್ನು ಮಡಿಚಿ ಹಾಕಿಕೊಂಡು ಗೋಡೆಗೆ ಒರಗಿದ್ದರು. ಅಲ್ಲಿ ಗಾಳಿಯಿಲ್ಲ. ಕಬ್ಬಿಣದ ಕಟಾಂಜನ ಮುಟ್ಟಿದರೆ ಕೈ ಸುಡುತ್ತದೆ. ನನ್ನನ್ನು ನೋಡಿ ಗಡಬಡಿಸಿ ಎದ್ದು ನಿಂತರು. ಅಲ್ಲೂ ಎದ್ದು ನಿಂತರು.

ನಾನು ಕೆಳಗಿಳಿದೆ. ಮನೆಯಲ್ಲಿ ಹುಡುಗನನ್ನು ಕೇಳಿದೆ, ನಿಮ್ಮವ್ವ ದಿನಾ ಅಲ್ಲೇ ಕೂಡುತ್ತಾಳೇನು ಅಂತ.

"ಮತ್ತೆಲ್ಲಿ ಕೂಡ್ಬೇಕ್ರೀ ಮಾಮಾ? ನೀವು ಚಡ್ಡಿ ಮ್ಯಾಲೆ ಇಲ್ಲೇ ಅಡ್ಡಾಗಿರ್ತೀರಿ" ಅಂದ.

"ಸುಮ್ನಿರೋ" ಅಂತ ಹೆಂಡತಿ ಅವನನ್ನು ಬೈದಳು. ಆಕೆಗೂ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬನೇ.

ಹೆಂಡತಿಯ ಮಗ್ಗದ ಸೀರೆಯೊಂದನ್ನು ತೆಗೆದೆ. ಕಿಟಕಿಯ ಸರಳಿನಿಂದ ಬಾಗಿಲವರೆಗೆ ಹಗ್ಗ ಕಟ್ಟಿ ಅದನ್ನು ಪರದೆಯಂತೆ ಇಳಿಬಿಟ್ಟೆ. ಅಂಗಿ ತೊಟ್ಟು ಮಂಚದ ಮೇಲೆ ಕೂತೆ. ಹುಡುಗ ಹೋಗಿ ಕರೆದ, ಅತ್ತೆ ಬಂದು ಸೀರೆಯ ಆಚೆ ಕೂತರು. ಬಹಳ ಶಾಣ್ಯಾ ಆದೆ ಅನ್ನಿಸಿತು ನನಗೆ.

ಮಧ್ಯಾಹ್ನ ಹೆಂಡತಿ ರೊಟ್ಟಿ ಮಾಡಿದಳು. ನೀರು ಕುಡಿಯಲು ಸೀರೆ ಸರಿಸಿದಾಗ ಆ ಕಡೆಯ ಸೆಕೆ ಮುಖಕ್ಕೆ ಬಡಿಯಿತು. ಒಲೆ ಆ ಕಡೆ. ಎ.ಸಿ. ನನ್ನ ಕಡೆ. ಅತ್ತೆಯ ಕುಪ್ಪಸ ಬೆವರಿಗೆ ಬೆನ್ನಿಗೆ ಅಂಟಿತ್ತು. ಬಸುರಿ ಹೆಂಡತಿಯೂ ಅಲ್ಲೇ ಕೂತು ಬೇಯುತ್ತಿದ್ದಳು. ಹಗ್ಗ ಕಟ್ಟುವಾಗ ಎ.ಸಿ. ಕಡೆ ನಾನೇ ಇರಬೇಕು ಅಂತ ಯೋಚನೆ ಮಾಡಿ ಕಟ್ಟಿದ್ದಲ್ಲ. ಯೋಚನೆಯೇ ಮಾಡಿರಲಿಲ್ಲ. ನಾಚಿಕೆಯಾಗುವುದು ಅದಕ್ಕೇ.

ತಟ್ಟೆ ತೆಗೆದುಕೊಂಡು ಒಲೆಯ ಕಡೆ ಬಂದು ಕೂತೆ. ಅವರಿಬ್ಬರನ್ನೂ ಎ.ಸಿ. ಕಡೆ ಕಳಿಸಿದೆ.

"ಅವ್ರಿಗೆ ಹೇಳವ್ವ, ಅಲ್ಲಿ ಸೆಕಿ ಐತಿ ಅಂತ" ಅಂದರು ಅತ್ತೆ.

"ನನಗೂ ಗೊತ್ತಾತ್ರಿ" ಅಂದೆ, ಹೆಂಡತಿಗಲ್ಲ, ಅವರಿಗೇ. "ಊರಿಗೆ ಖರೇನ ಹೊಕ್ಕೀರೇನ್ರಿ ಅತ್ತಿ?"

ಅತ್ತೆ ಸೀರೆಯಾಚೆಯಿಂದ ಮಗಳಿಗೇ ಹೇಳಿದರು: "ಕೂಸು ಬರೂದೈತಿ, ಹ್ಯಾಂಗ ಹೋಗಲಿ ಅನ್ನವ್ವ. ಈ ಗಾಳಿಗೆ ಮೊಣಕಾಲ ಹಿಡೀತಾವ, ಜರಾ ಕಡಿಮಿ ಮಾಡು ಅಂತನೂ ಹೇಳು."

ಎದ್ದು ಹೋಗಿ ಕಡಿಮೆ ಮಾಡುವುದು ಹೇಗೆ? ನಾನು ಬಂದರೆ ಅವರು ಏಳಬೇಕು. ಹೆಂಡತಿಗೇ ಹೇಳಿದೆ. ಆಕೆ ಹೊಟ್ಟೆ ಹಿಡಿದುಕೊಂಡು ನಗುತ್ತಾ ಕಡಿಮೆ ಮಾಡಿದಳು.

ಸೀರೆ ಈಗಲೂ ಹಾಗೇ ಇದೆ. ನಾನು ಒಲೆ ಕಡೆ ಇರುತ್ತೇನೆ. ಮಾಳಿಗೆಯ ಮೆಟ್ಟಿಲ ಮೇಲಿದ್ದ ಚೀಲವನ್ನು ನಾನೇ ಒಳಗೆ ತಂದೆ. ಅಂಗಡಿಯವನು ಬೀಡಿ ಕೊಡುತ್ತಾನೆ, ಮುಖ ನೋಡುವುದಿಲ್ಲ. ಅವನಿಗೆ ನಮ್ಮ ರಿವಾಜು ಬಿಡಿಸಿ ಹೇಳಬಹುದು, ಹಿಂದಿ ಅಷ್ಟು ಬರುತ್ತದೆ. ಹೇಳಿಲ್ಲ. ಅವನು ಕೇಳಿದ್ದರಲ್ಲಿ ತಪ್ಪೇನಿತ್ತು?