ಎಂಆರ್‌ಐ ಸುರಂಗಕ್ಕೆ ಹೋದ ಕುಚ್ಚಲಕ್ಕಿ ಚೀಲ

2023ರಲ್ಲಿ ನಾನು ಅಹಮದಾಬಾದಿನ ನವರಂಗಪುರದ ಒಂದು ಖಾಸಗಿ ಡಯಾಗ್ನೋಸ್ಟಿಕ್ ಸೆಂಟರಿನಲ್ಲಿ ಹಿರಿಯ ಎಂಆರ್‌ಐ ಟೆಕ್ನಾಲಜಿಸ್ಟ್ ಆಗಿದ್ದೆ. ಬ್ಯಾಂಕಿನಲ್ಲಿದ್ದ ಪತಿಗೆ ವರ್ಗವಾದ್ದರಿಂದ ದಾವಣಗೆರೆ ಬಿಟ್ಟು ಬಂದವಳು. ದಿನಚರಿ ಬರೆಯುವ ಅಭ್ಯಾಸ ನನಗಿದೆ. ಆದರೂ ಈ ಪ್ರಸಂಗವನ್ನು ನೆಂಟರಿಷ್ಟರ ಮುಂದೆ ಹೇಳಿ ಹೇಳಿ, ಯಾವುದು ನಡೆದದ್ದು, ಯಾವುದು ಹೇಳುವಾಗ ಸೇರಿಕೊಂಡದ್ದು ಎಂಬ ಗುಮಾನಿ ನನಗೇ ಬಂದಿದೆ. ಅನುಮಾನವಿರುವ ಕಡೆ ಹಾಗೆಂದೇ ಹೇಳುತ್ತೇನೆ.

ಎಂಆರ್‌ಐ ಯಂತ್ರವೆಂದರೆ ಬಹಳ ಬಲವಾದ ಅಯಸ್ಕಾಂತ. ನಮ್ಮದು 1.5 ಟೆಸ್ಲಾ ಶಕ್ತಿಯದು. ನಡುವೆ ಅರವತ್ತು ಸೆಂಟಿಮೀಟರ್ ಅಗಲದ ಸುರಂಗ. ರೋಗಿ ಅದರೊಳಗೆ ಅಲುಗಾಡದೆ ಮಲಗಿರಬೇಕು. ಕುತ್ತಿಗೆಯ ಸ್ಕ್ಯಾನ್ ಆದರೆ ತಲೆಯ ಸುತ್ತ ‘ಕಾಯಿಲ್’ ಎಂಬ ಪಂಜರದಂಥ ಸಲಕರಣೆ ಕೂಡಿಸಿ ಒಳಗೆ ಕಳಿಸುತ್ತೇವೆ. ಸುಮಾರು ಇಪ್ಪತ್ತೈದು ನಿಮಿಷ ಯಂತ್ರ ತಗಡು ಬಡಿದಂತೆ ಸದ್ದು ಮಾಡುತ್ತದೆ. ಇಕ್ಕಟ್ಟಿನ ಭಯ, ಅಂದರೆ ಕ್ಲಾಸ್ಟ್ರೋಫೋಬಿಯಾ ಇರುವವರಿಗೆ ಇದು ನರಕ.

ಸದಾನಂದ ಶೆಟ್ರಿಗೆ ಆ ಭಯವಿತ್ತು. ಅವರು ಉಡುಪಿ ಕಡೆಯವರು, ಅಹಮದಾಬಾದಿನದೇ ಬೋಡಕ್‌ದೇವ್‌ನಲ್ಲಿ ಹೋಟೆಲು. ವಯಸ್ಸು ಅರವತ್ತರ ಆಸುಪಾಸು. ಕೆಲವು ವಾರಗಳಿಂದ ಅವರ ಬಲಗೈ ಹಿಡಿತ ಸಡಿಲವಾಗುತ್ತಿತ್ತು. ಕುತ್ತಿಗೆಯಲ್ಲಿ ಬೆನ್ನುಹುರಿ ಒತ್ತಿಕೊಂಡಿರಬಹುದೆಂದು ಸರ್ಜನ್ ಹೇಳಿದ್ದರು. ಸ್ಕ್ಯಾನ್ ಇಲ್ಲದೆ ಎಲ್ಲಿ ಕೊಯ್ಯಬೇಕೆಂದು ತಿಳಿಯದು. ತಡವಾದಷ್ಟೂ ಹೋದ ಬಲ ಮರಳುವ ಸಾಧ್ಯತೆ ಕಡಿಮೆ. ಮಲಗಿದಾಗ ಉಸಿರು ಕಟ್ಟುವ ತೊಂದರೆಯೂ ಇದ್ದುದರಿಂದ ಅರಿವಳಿಕೆ ಕೊಟ್ಟು ಸ್ಕ್ಯಾನ್ ಮಾಡಲು ವೈದ್ಯರು ಹಿಂಜರಿದಿದ್ದರು.

ಮೊದಲ ಸಲ ಅವರು ಅರ್ಧ ನಿಮಿಷವೂ ಒಳಗಿರಲಿಲ್ಲ. ತುರ್ತಿಗೆಂದು ಎಡಗೈಯಲ್ಲಿಟ್ಟ ರಬ್ಬರ್ ಬಲ್ಬನ್ನು ಬಿಡದೆ ಒತ್ತಿದರು. ಎರಡನೆಯ ಸಲ ಆತಂಕಕ್ಕೆ ಮಾತ್ರೆ ನುಂಗಿ ಬಂದರು. ಸದ್ದು ಶುರುವಾಗುತ್ತಲೇ ಕಾಲು ಒದೆಯತೊಡಗಿದರು. ಹೊರಗೆ ತಂದಾಗ ಅಂಗಿ ಒದ್ದೆಯಾಗಿತ್ತು.

“ನನ್ನಿಂದ ಆಗುದಿಲ್ಲ ಮೇಡಂ. ಕೈ ಹೋದ್ರೆ ಹೋಗ್ಲಿ,” ಎಂದರು.

“ಕೈ ಹೋದ್ರೆ ಹೋಗ್ಲಿಯಾ? ಅನ್ನ ಕಲಸಿ ಬಾಯಿಗೆ ಇಡುದು ಯಾರು, ನಾನಾ?” ಎಂದು ಅವರ ಹೆಂಡತಿ ಗಿರಿಜಕ್ಕ ಗದರಿದರು.

ನನ್ನ ಮೇಜಿನ ಮೇಲೆ ಅಂಗೈಯಷ್ಟು ದೊಡ್ಡ ಬಟ್ಟೆಯ ಚೀಲವೊಂದಿತ್ತು. ಕೋವಿಡ್ ಕಾಲದಲ್ಲಿ, ಸಾಲುಸಾಲು ಸಿಟಿ ಸ್ಕ್ಯಾನ್ ಮಾಡುತ್ತಿದ್ದಾಗ, ಹಳೆಯ ಕಾಟನ್ ಸೀರೆ ಕತ್ತರಿಸಿ ಹುರುಳಿ ತುಂಬಿ ನಾನೇ ಹೊಲಿದುಕೊಂಡದ್ದು. ಬಿಡುವು ಸಿಕ್ಕಾಗ ಬೆನ್ನು ಚೆಲ್ಲಿ ಕೂತು ಅದನ್ನು ಹೊಟ್ಟೆಯ ಮೇಲಿಟ್ಟುಕೊಳ್ಳುತ್ತಿದ್ದೆ. ಉಸಿರಿನೊಂದಿಗೆ ಚೀಲ ಏರಿಳಿಯುವುದನ್ನು ಗಮನಿಸುತ್ತಿದ್ದರೆ ಎದೆಬಡಿತ ತಹಬಂದಿಗೆ ಬರುತ್ತಿತ್ತು. ಇದಕ್ಕೆ ವೈದ್ಯಕೀಯ ಪುರಾವೆ ಕೇಳಿದರೆ ನನ್ನಲ್ಲಿಲ್ಲ. ಶೆಟ್ರಿಗೆ ಅದನ್ನೇ ತೋರಿಸಿದೆ. ಕೈಯಲ್ಲಿ ಹಿಸುಕಿದರೆ ಭುಜ ಅಲುಗಿ ಚಿತ್ರ ಕೆಡುತ್ತದೆ, ಹೊಟ್ಟೆಯ ಮೇಲೆ ಸುಮ್ಮನೆ ಇರಲಿ ಎಂದೆ. ಇಂಥದೇ ಒಂದನ್ನು ಮನೆಯಲ್ಲಿ ಹೊಲಿದು, ಇಕ್ಕಟ್ಟಾದ ಜಾಗದಲ್ಲಿ ಮಲಗಿ ಅಭ್ಯಾಸ ಮಾಡಿ, ಮುಂದಿನ ವಾರ ಬನ್ನಿ ಎಂದು ಕಳಿಸಿದೆ.

ಅವರು ಬಂದರು. ಗಿರಿಜಕ್ಕ ಊರಿನ ಕುಚ್ಚಲಕ್ಕಿ ತುಂಬಿ ಚೀಲ ಹೊಲಿದಿದ್ದರು. ಮಧ್ಯಾಹ್ನ ವ್ಯಾಪಾರ ಇಳಿದ ಮೇಲೆ ಶೆಟ್ರು ಹೋಟೆಲಿನ ಮೇಜಿನ ಕೆಳಗೇ ಮಲಗುತ್ತಿದ್ದರಂತೆ.

“ಒಬ್ಬ ಗುಜರಾತಿ ಗಿರಾಕಿ ಬಗ್ಗಿ ನೋಡಿ, ‘ಶೇಠ್, ಶು ಖೋವಾಯು?’ ಅಂತ ಕೇಳಿದ. ಏನು ಕಳಕೊಂಡ್ರಿ ಅಂತ,” ಗಿರಿಜಕ್ಕ ನಕ್ಕರು. “ಇವ್ರು ಕೆಳಗಿನಿಂದಲೇ ‘ಹಿಮ್ಮತ್’ ಅಂದ್ರು, ಧೈರ್ಯ ಅಂತ, ಗೊತ್ತುಂಟಾ!”

ಸ್ಕ್ಯಾನ್ ಕೋಣೆಗೆ ಹೋಗುವ ಮೊದಲು ಲೋಹದ ತಪಾಸಣೆ ಕಡ್ಡಾಯ. ಉಂಗುರ, ಬೆಲ್ಟು, ಬೆಳ್ಳಿಯ ಉಡಿದಾರ, ಎಲ್ಲವನ್ನೂ ಶೆಟ್ರು ತೆಗೆದಿಟ್ಟಿದ್ದರು. ಚೀಲದಲ್ಲಿ ಲೋಹವಿದೆಯೇ ಎಂದು ಕೇಳಿದೆ. ಇಬ್ಬರೂ ಇಲ್ಲವೆಂದರು. ಆದರೂ ಡಿಟೆಕ್ಟರನ್ನು ಅದರ ಮೇಲೆ ಆಡಿಸಿದೆ. ಕೂಗಿತು. ಮತ್ತೆ ಆಡಿಸಿದೆ, ಮತ್ತೆ ಕೂಗಿತು.

“ಏನಿದೆ ಇದರಲ್ಲಿ?”

“ಲೋಹ ಎಂತದ್ದೂ ಇಲ್ಲ ತಂಗಿ,” ಎಂದರು ಗಿರಿಜಕ್ಕ. “ದೇವಿಯ ಮುಡಿಪು ಮಾತ್ರ ಇರುದು.”

ಗಂಡನ ಕೈ ಸರಿಹೋದರೆ ಊರಿಗೆ ಹೋಗಿ ಒಪ್ಪಿಸುತ್ತೇನೆಂದು ಅವರು ದೇವಿಗೆ ಹರಕೆ ಹೊತ್ತಿದ್ದರು. ಹರಕೆಯ ನಾಣ್ಯವನ್ನು ಅಕ್ಕಿಯ ನಡುವೆ ಇಟ್ಟೇ ಹೊಲಿದಿದ್ದರು. ನಮ್ಮ ಈಗಿನ ರೂಪಾಯಿ ನಾಣ್ಯ ಸ್ಟೀಲಿನದು. ಅದನ್ನು ಆ ಕೋಣೆಗೆ ಒಯ್ದರೆ ಅಯಸ್ಕಾಂತ ಸೆಳೆದುಕೊಳ್ಳುತ್ತದೆ, ದಾರಿಯಲ್ಲಿ ಕಣ್ಣು ಸಿಕ್ಕಿದರೆ ಕಣ್ಣು ಹೋಗುತ್ತದೆ. ಅದನ್ನು ವಿವರಿಸಿ ಹೇಳಿದೆ.

ಶೆಟ್ರು ಹೆಂಡತಿಯತ್ತ ತಿರುಗಿದರು. “ನಿನ್ನ ಹರಕೆ ನನ್ನನ್ನೇ ತೆಗೀತಿತ್ತಲ್ಲ ಮಾರಾಯ್ತಿ!”

“ಸುಮ್ನಿರಿ. ಹರಕೆ ಹೊತ್ತದ್ದು ಯಾರ ಕೈಗಾಗಿ?”

ಚೀಲ ಇಲ್ಲಿಟ್ಟು ಬರಿಗೈಯಲ್ಲಿ ಬನ್ನಿ ಎಂದೆ. ಶೆಟ್ರ ಮುಖ ಬಿಳಿಚಿತು. ನನ್ನ ಹುರುಳಿ ಚೀಲ ಕೊಡಲು ಹೋದೆ, ಬೇಡವೆಂದು ತಲೆಯಾಡಿಸಿದರು. ಹೊಲಿಗೆ ಬಿಚ್ಚೋಣವೆಂದರೆ, ಕಟ್ಟಿದ ಮುಡಿಪನ್ನು ದೇವರ ಮುಂದಲ್ಲದೆ ಬಿಚ್ಚುವ ಹಾಗಿಲ್ಲವೆಂದು ಶೆಟ್ರೇ ಪಿಸುಗುಟ್ಟಿದರು. ಮುಂದಿನ ರೋಗಿ ಕಾಯುತ್ತಿದ್ದ. ಈ ಸಲವೂ ಹಿಂದಿರುಗಿದರೆ ಇವರು ನಾಲ್ಕನೆಯ ಸಲ ಬರುವುದಿಲ್ಲ ಎಂದು ನನಗನ್ನಿಸಿತ್ತು.

ಗಿರಿಜಕ್ಕ ಎಷ್ಟು ಹೊತ್ತು ಯೋಚಿಸಿದರೋ ನೆನಪಿಲ್ಲ. ಹೇಳುವಾಗ ನಾನು ಅದನ್ನು ಉದ್ದ ಮಾಡುತ್ತೇನೆ. ಬಹುಶಃ ಕ್ಷಣ ಮಾತ್ರ. ಚೀಲದ ಮೂಲೆಯ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದರು. ನಾಣ್ಯವನ್ನು ಒಂದು ಹಿಡಿ ಅಕ್ಕಿಯ ಸಮೇತ ಸೆರಗಿನ ತುದಿಗೆ ಹಾಕಿ ಬಿಗಿಯಾಗಿ ಗಂಟು ಹೊಡೆದರು.

“ಮುಡಿಪು ಬಿಚ್ಚಲಿಲ್ಲ, ಜಾಗ ಬದಲಿಸಿದ್ದು. ನನ್ನ ಹರಕೆ, ನಾನು ದೇವಿಗೆ ಹೇಳಿಕೊಳ್ತೇನೆ. ನೀವು ಹೋಗಿ,” ಎಂದು ಗಂಡನಿಗೆ ಹೇಳಿ ಹೊರಗಿನ ಬೆಂಚಿನ ಮೇಲೆ ಗಂಟು ಹಿಡಿದು ಕೂತರು.

ಚೀಲದ ಬಾಯಿಗೆ ಗಾಯಕ್ಕೆ ಅಂಟಿಸುವ ಕಾಗದದ ಟೇಪು ಸುತ್ತಿದೆ. ಡಿಟೆಕ್ಟರ್ ಈಗ ಸುಮ್ಮನಿತ್ತು. ಕಾಯಿಲ್ ಕೂಡಿಸಿದೆ. ಶೆಟ್ರು ಕಣ್ಣು ಬಿಗಿಯಾಗಿ ಮುಚ್ಚಿದರು. ಒಂದೊಂದು ಸೀಕ್ವೆನ್ಸ್, ಅಂದರೆ ಚಿತ್ರ ತೆಗೆಯುವ ಒಂದೊಂದು ಕಂತು ಮುಗಿದಾಗಲೂ ಮೈಕಿನಲ್ಲಿ ಉಳಿದ ಸಮಯ ಹೇಳುತ್ತಿದ್ದೆ. ಗಾಜಿನಾಚೆ ನನಗೆ ಕಾಣುತ್ತಿದ್ದುದು ಅವರ ಹೊಟ್ಟೆಯ ಮೇಲೆ ಏರಿಳಿಯುವ ಚೀಲವೊಂದೇ. ನಡುವೆ ಒಮ್ಮೆ ಬಲ್ಬ್ ಒತ್ತಿದರು. ಹೊರಗೆ ತರಲೇ ಎಂದು ಕೇಳಿದೆ.

“ಬೇಡ. ಮೂಗು ತುರಿಸ್ತದೆ. ಅದನ್ನು ಹೇಳ್ಬೇಕಿತ್ತು, ಅಷ್ಟೇ.”

ಚಿತ್ರಗಳು ಸ್ಪಷ್ಟವಾಗಿ ಬಂದವು. ಬೆನ್ನುಹುರಿ ಒತ್ತಿಕೊಂಡಿದ್ದ ಜಾಗ ಪರದೆಯ ಮೇಲೆ ಕಾಣುತ್ತಿತ್ತು. ಅದೇ ವಾರ ಶಸ್ತ್ರಚಿಕಿತ್ಸೆಯಾಯಿತು. ಹಿಡಿತ ಪೂರ್ತಿ ಮರಳಲಿಲ್ಲ, ಆದರೆ ಅನ್ನ ಕಲಸಿಕೊಳ್ಳುವಷ್ಟು ಬಂತು.

ಅವರನ್ನು ಶಾಂತವಾಗಿಟ್ಟದ್ದು ಚೀಲವೋ, ಹೊರಗೆ ಬಿಗಿದಿದ್ದ ಗಂಟೋ, ಮೇಜಿನ ಕೆಳಗಿನ ಅಭ್ಯಾಸವೋ ನನಗೆ ಗೊತ್ತಿಲ್ಲ. ಆ ದಿನ ಸಂಜೆ ಚೀಲವೇ ಎಂದು ಹೆಮ್ಮೆಯಿಂದ ಬರೆದಿದ್ದೇನೆ. ಇಂದು ಆ ಹೆಮ್ಮೆ ಉಳಿದಿಲ್ಲ. ಏಕೆಂದರೆ ಸ್ಕ್ಯಾನ್ ಮುಗಿದು ಕೋಣೆಯಿಂದ ಹೊರಡುವಾಗ ಶೆಟ್ರು ಮೊದಲ ಬಾರಿಗೆ ಕಣ್ಣರಳಿಸಿ ಯಂತ್ರದ ಸುತ್ತ ಒಂದು ಸುತ್ತು ಬಂದರು. ಹಿಂಬದಿಯಲ್ಲಿ ನಿಂತು ಬಗ್ಗಿದರು. ಸುರಂಗದ ಈಚೆಯಿಂದ ಅವರ ಮುಖ ನನಗೆ ಪೂರ್ತಿ ಕಾಣಿಸಿತು.

“ಇದು ಹಿಂದೆಯೂ ತೆರೆದೇ ಉಂಟಲ್ಲ ತಂಗಿ! ನಾನು ತಲೆಯ ಹಿಂದೆ ಗೋಡೆ ಅಂತ ಮಾಡಿದ್ದೆ. ಇದನ್ನು ಮೊದಲೇ ಹೇಳ್ಬಾರ್ದಿತ್ತಾ?”

ವರ್ಷಗಟ್ಟಲೆ ದಿನಾ ನೋಡುತ್ತಿದ್ದ ಆ ಯಂತ್ರ ಎರಡೂ ಕಡೆ ತೆರೆದಿದೆಯೆಂದು ಯಾವ ರೋಗಿಗೂ ಹೇಳಬೇಕೆಂದು ನನಗೆ ತೋಚಿರಲಿಲ್ಲ. ಈಗ ಭಯಪಡುವವರು ಬಂದರೆ ಚೀಲ ಕೈಗೆ ಕೊಡುವ ಮೊದಲು ಯಂತ್ರದ ಹಿಂದಕ್ಕೆ ಕರೆದೊಯ್ದು, ಬಗ್ಗಿ ನೋಡಿ ಎನ್ನುತ್ತೇನೆ. ಕೆಲವರಿಗೆ ಅಷ್ಟೇ ಸಾಕಾಗುತ್ತದೆ. ಸಾಲದವರಿಗೆ ಚೀಲ ಇದ್ದೇ ಇದೆ.