ಚಿನ್ನದ ಸೂಜಿಮದ್ದು, ಅವ್ವನ ಹಿಡಿತ

ಮಂಡ್ಯದ ಡಾಕ್ಟರು ಅವ್ವನ ಹಲ್ಲು ಕೀಳಲು ಇಕ್ಕಳ ಎತ್ತಿದಾಗ ಅವಳು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು. ಕೀಲುವಾತಕ್ಕೆ ಅವಳಿಗೆ ಚಿನ್ನದ ಲವಣ ಬೆರೆಸಿದ ಸೂಜಿಮದ್ದು ನಡೆದಿತ್ತು. ಅದು ರಕ್ತದ ಬಲ ಕುಗ್ಗಿಸುತ್ತದೆ, ಹಲ್ಲಿನ ಗಾಯ ಕೀವಾದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಮದ್ದನ್ನು ಮೊದಲೇ ನಿಲ್ಲಿಸಿದ್ದರು. ನಿಲ್ಲಿಸಿದ ಮೇಲೆ ಅವಳ ಬೆರಳುಗಳು ಮತ್ತೆ ಸೆಟೆದುಕೊಂಡು, ಮುದ್ದೆ ಮುರಿಯಲೂ ಆಗದ್ದರಿಂದ ನಾನೇ ಉಣ್ಣಿಸುತ್ತಿದ್ದೆ.

ಹಲ್ಲು ಬಂತು. ಅವ್ವ ರಕ್ತ ಉಗಿದು ನನ್ನತ್ತ ತಿರುಗಿ, “ನಾನಲ್ಲ ಕಣ್ಲಾ, ನೀನೇ ನಡುಗ್ತಿದ್ದೆ. ಅದ್ಕೇ ಇಡ್ಕೊಂಡೆ” ಎಂದಳು.

ಗಾಯ ಕೀವಾಗದೆ ಮಾಯಿತು. ಮಡಚಲಾಗದ ಬೆರಳುಗಳು ಹಾಗೆ ಹಿಡಿದದ್ದು ನಿಜವೇ? ವಿಜ್ಞಾನ ಓದಿದ ನನಗೆ ನನ್ನ ನೆನಪಿನ ಮೇಲೇ ಅನುಮಾನ. ಆದರೂ ಅಂದು ಇದ್ದಿಲು ಉರಿಸಿ ಓಡಿಸುವ ಯುದ್ಧಕಾಲದ ಬಸ್ಸಿನಲ್ಲಿ ನಮ್ಮೂರು ಮಳವಳ್ಳಿಗೆ ಮರಳುವಾಗ, ಅವಳ ಉಗುರು ಒತ್ತಿದ ಗುರುತನ್ನು ದಾರಿಯುದ್ದಕ್ಕೂ ಸವರಿಕೊಂಡೇ ಬಂದಿದ್ದೆ.