ಮಗಳ ಕಾಲು ನೋಡದ ಹನ್ನೊಂದು ದಿನ

ಮೊಮ್ಮಗಳು ಹುಟ್ಟಿದ ದಿನ ಆಸ್ಪತ್ರೆಯ ಲಿಫ್ಟಿನಲ್ಲಿ ಗುರುತು ಪರಿಚಯವಿಲ್ಲದ ಹೆಂಗಸಿಗೂ ಮೈಸೂರುಪಾಕು ಕೊಟ್ಟೆ. ಆಕೆ ಯಾರನ್ನು ಯಾವ ಸ್ಥಿತಿಯಲ್ಲಿ ಬಿಟ್ಟು ಕೆಳಗಿಳಿಯುತ್ತಿದ್ದಳೋ, ಅದನ್ನು ಕೇಳುವ ವ್ಯವಧಾನವೂ ನನಗಿರಲಿಲ್ಲ. ಮಗಳ ಮದುವೆಯಾಗಿ ಆರು ವರ್ಷ ಕಾದ ಮೇಲೆ ಬಂದ ಕೂಸು. ಎರಡೂ ಮುಕ್ಕಾಲು ಕೆಜಿ, ತಲೆ ತುಂಬ ಕೂದಲು, ಎಡಗೆನ್ನೆಯಲ್ಲಿ ಒಂದು ಪುಟ್ಟ ಗುಳಿ. ಇದನ್ನು ಹೇಳುವಾಗಲೂ ನಗು ತಾನಾಗಿ ಬರುತ್ತದೆ. ಆಮೇಲಿನ ಹನ್ನೊಂದು ದಿನ ನೆನೆದರೆ ಮಾತ್ರ ಬಾಯಿ ಒಣಗುತ್ತದೆ.

ಬಾಣಂತನಕ್ಕೆ ಮಗಳನ್ನು ಹೆಬ್ಬಾಳದ ಆಚೆಗಿರುವ ಸಿಂಗಾಪುರದ ನಮ್ಮ ಮನೆಗೆ ಕರೆತಂದೆ. ನಾನು ಮದುವೆಯಾಗಿ ಬಂದಾಗ ಈ ಜಾಗದಲ್ಲಿ ದ್ರಾಕ್ಷಿ ತೋಟವಿತ್ತು, ಈಗ ಮೂರು ಅಂತಸ್ತಿನ ಮನೆ. ಮನೆ ಹೊಸದಾದರೂ ಬಾಣಂತಿಯ ಕೋಣೆಯನ್ನು ನನ್ನ ಅತ್ತೆ ಮಾಡಿದ ಹಾಗೆಯೇ ಮಾಡಿದೆ. ಕಿಟಕಿ ಮುಚ್ಚಿದೆ. ಫ್ಯಾನಿನ ಸ್ವಿಚ್ಚಿಗೆ ಟೇಪು ಅಂಟಿಸಿದೆ. ಮಗಳ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕಾಲಿಗೆ ಉಣ್ಣೆಯ ಸಾಕ್ಸು. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಜೀರಿಗೆ ಕುದಿಸಿದ ನೀರು. ಅದಕ್ಕಿಂತ ಒಂದು ಗುಟುಕು ಹೆಚ್ಚು ಕೊಡಲಿಲ್ಲ. ನೀರು ಕುಡಿದರೆ ಬಾಣಂತಿಯ ಹೊಟ್ಟೆ ಇಳಿಯುವುದಿಲ್ಲ, ಮೈ ಊದಿಕೊಳ್ಳುತ್ತದೆ ಎಂದು ನನ್ನ ಅತ್ತೆ ಹೇಳಿಕೊಟ್ಟಿದ್ದರು.

ಆ ಬಾಯಾರಿಕೆ ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ಇದೇ ಮಗಳನ್ನು ಹೆತ್ತಾಗ, ತಲೆ ಒರೆಸಿಕೊಳ್ಳುವ ನೆಪದಲ್ಲಿ ಒದ್ದೆ ಟವೆಲಿನ ತುದಿ ಬಾಯಿಗಿಟ್ಟು ಹೀರಿದವಳು ನಾನು. ಸೀಗೆಪುಡಿಯ ಕಹಿ ಈಗಲೂ ನಾಲಿಗೆಯಲ್ಲಿದೆ. ದೊಡ್ಡವಳಾದ ಮೇಲೆ ಮಗಳಿಗೆ ಅದನ್ನು ತಮಾಷೆಯ ಕತೆಯಂತೆ ಹೇಳಿ ಇಬ್ಬರೂ ನಕ್ಕಿದ್ದೆವು.

ಒಂಬತ್ತನೆಯ ದಿನ ಅವಳು ಸ್ನಾನಕ್ಕೆ ಹೋಗಿ ತುಂಬ ಹೊತ್ತಾಯಿತು. ಹೆರಿಗೆಯಾದಾಗಿನಿಂದ ಯಾರನ್ನೂ ಒಳಗೆ ಬಿಡದೆ ತಾನೇ ಸ್ನಾನ ಮಾಡುತ್ತಿದ್ದಳು. ಬಾಗಿಲು ತಳ್ಳಿದರೆ ತೆರೆದುಕೊಂಡಿತು. ನೈಟಿ ಹಾಕಿಕೊಂಡು ನಿಂತು, ಬಕೆಟ್ಟಿನ ನೀರನ್ನು ಮಗ್ಗಿನಲ್ಲಿ ಎತ್ತಿ ಗಟಗಟ ಕುಡಿಯುತ್ತಿದ್ದಳು. ಆಫೀಸಿನಲ್ಲಿ ಹತ್ತು ಜನರಿಗೆ ಕೆಲಸ ಹೇಳುವವಳು, ಬಾಯಿ ಒರೆಸಿಕೊಂಡು ಕಳ್ಳಿಯ ಹಾಗೆ ನಿಂತಳು.

"ಸ್ನಾನದ್ ನೀರು ಕುಡೀತಿದೀಯಲ್ಲೇ. ಹಿಂಗ್ ಕುಡಿದ್ರೆ ಮೈ ಇಳಿಯುತ್ತಾ?"

"ಅಮ್ಮ, ಮಗು ಹಾಲು ಕುಡಿಯೋಕೆ ಶುರು ಮಾಡಿದ್ರೆ ನಂಗೆ ಗಂಟಲೇ ಅಂಟ್ಕೊಂಡ್ಹೋಗುತ್ತೆ."

"ಒಂದು ತಿಂಗ್ಳು ತಡ್ಕೋ. ನಾವೆಲ್ಲ ತಡ್ಕೊಂಡಿಲ್ವಾ?"

"ಎಲ್ಲಿ ತಡ್ಕೊಂಡೆ? ನಿಂಗೆ ಟವೆಲ್ ಇತ್ತು, ನಂಗೆ ಮಗ್ಗಿದೆ."

ನಗು ಬಂತು, ತೋರಿಸಿಕೊಳ್ಳಲಿಲ್ಲ. ಅವಳ ಮುಖ ದುಂಡಗಾಗಿದ್ದು ಆಗ ಕಂಡಿತು. ಕದ್ದು ಕುಡಿದ ನೀರು ಮುಖಕ್ಕೆ ಬಂದಿದೆ ಎಂದುಕೊಂಡೆ. ಮರುದಿನದಿಂದ ಸ್ನಾನದ ನೀರನ್ನು ನಾನೇ ಅಳೆದು ಇಟ್ಟೆ. ಸಂಜೆಯ ಲೋಟವನ್ನೂ ಅರ್ಧಕ್ಕೆ ಇಳಿಸಿದೆ.

ಊತ ಹೊಸದೇನೂ ಆಗಿರಲಿಲ್ಲ. ಎಂಟನೇ ತಿಂಗಳಲ್ಲಿ ಉಂಗುರ ಬೆರಳಿನಲ್ಲಿ ಸಿಕ್ಕಿಕೊಂಡಿತ್ತು, ಸೋಪು ಹಚ್ಚಿ ಎಳೆದು ತೆಗೆದಿದ್ದೆವು. "ಬಸುರಿ ಅಂದ್ಮೇಲೆ ಊದದೆ ಇನ್ನೇನು" ಎಂದು ಆಗಲೂ ನಾನೇ ಹೇಳಿದ್ದು. ನನ್ನ ಲೆಕ್ಕದಲ್ಲಿ ಹೆಂಗಸಿನ ಮೈ ಮಗು ಬರುವವರೆಗೆ ಕಷ್ಟಪಡುತ್ತದೆ, ಬಂದ ಮೇಲೆ ಅದರ ಕೆಲಸ ಮುಗಿಯಿತು. ಸೊಂಟ ಕಟ್ಟಿ, ಖಾರ ತಿನ್ನಿಸಿ, ಮಲಗಿಸಿದರೆ ಸಾಕು.

ಹನ್ನೊಂದನೆಯ ದಿನ ಬೆಳಿಗ್ಗೆ ತಲೆ ಸಿಡಿಯುತ್ತಿದೆ ಎಂದಳು. ಶೀತ ಹೊಕ್ಕಿದೆ ಎಂದು ಒಣಶುಂಠಿ ತೇಯ್ದು ಹಣೆಗೆ ಹಚ್ಚಿ, ಮೇಲೆ ಬಟ್ಟೆ ಬಿಗಿದೆ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗುಳಿ ನೋಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಮಗಳು ಅಂದಳು, "ಅಮ್ಮ, ಮಗು ಮುಖ ಸರಿಯಾಗಿ ಕಾಣಿಸ್ತಿಲ್ಲ. ಮಧ್ಯ ಮಧ್ಯ ಏನೋ ಮಿಂಚ್ತಾ ಇದೆ."

"ನಿದ್ದೆಗೆಟ್ಟಿದೀಯ. ಕಣ್ಮುಚ್ಚಿ ಮಲಕ್ಕೋ" ಅಂದೆ. ಇವತ್ತಿಗೂ ನನ್ನ ಈ ಮಾತು ನನಗೇ ಕೇಳಿಸುತ್ತದೆ.

ಆಗ ಬಂದವಳು ಮಗುವಿಗೆ ನೀರು ಹಾಕುವವಳು. ಬಾಗಲೂರಿನಿಂದ ಬಸ್ಸಿನಲ್ಲಿ ಬಂದು ಕೂಸಿಗೆ ಎಣ್ಣೆ ತಿಕ್ಕಿ ಸ್ನಾನ ಮಾಡಿಸಿ ಹೋಗುವವಳು. ಎಷ್ಟು ಮನೆಯ ಮಕ್ಕಳಿಗೆ ನೀರು ಹಾಕಿದ್ದಾಳೋ ಅವಳಿಗೇ ನೆನಪಿಲ್ಲ. ತಲೆನೋವು ಎಂದು ಕೇಳಿ, ಅಂಗಾಲಿಗೆ ಎಣ್ಣೆ ಉಜ್ಜುತ್ತೇನೆಂದು ಮಗಳ ಸಾಕ್ಸು ಎಳೆದಳು. ಅದು ಸುಲಭವಾಗಿ ಬರಲಿಲ್ಲ. ಬಂದಾಗ, ಸಾಕ್ಸಿನ ಪಟ್ಟಿ ಕೂತಿದ್ದ ಕಡೆ ದಾರ ಬಿಗಿದ ಹಾಗೆ ಆಳವಾದ ಗೆರೆ. ಅವಳು ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ ತೆಗೆದಳು.

"ಅಕ್ಕ, ಇಲ್ನೋಡ್ರಿ. ಇಂಗ್ ಒತ್ತುದ್ರೆ ಅಂಗೇ ಕುಳಿ ಬಿದ್ದೈತೆ, ಏಳ್ತಾನೇ ಇಲ್ಲ."

"ಕದ್ದು ನೀರು ಕುಡಿದಿದಾಳೆ ಕಣೇ, ಅದಕ್ಕೆ."

"ನೀರಿಗಲ್ಲ ಅಕ್ಕ. ತಲೆನೋವು, ಕಣ್ ಮಂಜು, ಈ ಊತ. ನಮ್ ಬೀದಿಲಿ ಒಬ್ಳಿಗೆ ಇಂಗೇ ಆಗಿತ್ತು."

"ಆಮೇಲೆ?"

ಅವಳು ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡಳು. "ನೀವ್ ಮಗಳನ್ನ ಇಡ್ಕೊಳಿ. ನಾನ್ ಮಗು ಇಡ್ಕೊಂಡು ಬತ್ತೀನಿ. ಆಟೋ ಕರೀರಿ."

ಹೆಬ್ಬಾಳದ ಕಡೆ ಹೋಗುವ ರಸ್ತೆಯಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಮಗಳು ನನ್ನ ಭುಜಕ್ಕೆ ತಲೆಯಿಟ್ಟಿದ್ದಳು, ಮಾತಿಗೆ ಮಾತು ಕೊಡುತ್ತಿರಲಿಲ್ಲ. ಅವಳು ಹುಟ್ಟಿದ ಮೇಲೆ ನಾನು ಯಾವ ದೇವರಿಗೂ ಅಷ್ಟು ಹರಕೆ ಹೊತ್ತಿರಲಿಲ್ಲ. ಪಕ್ಕದಲ್ಲಿ ಕೂಸು ಹಸಿದು ಚೀರುತ್ತಿತ್ತು. ಆ ದಿನ ಅದರ ಅಳು ನನಗೆ ಬೇಡವಾಗಿತ್ತು.

ಆಸ್ಪತ್ರೆಯಲ್ಲಿ ಮಗಳ ತೋಳಿಗೆ ಬಿಪಿ ಪಟ್ಟಿ ಸುತ್ತಿದ ನರ್ಸು ಒಮ್ಮೆ ನೋಡಿ, ಮತ್ತೊಮ್ಮೆ ನೋಡಿ, ಓಡಿದಳು. ನಮ್ಮನ್ನು ಹೊರಗೆ ಕೂರಿಸಿದರು. ಸಂಜಯನಗರದಿಂದ ಅಳಿಯ ಓಡಿಬಂದು ಏನಾಯಿತೆಂದು ಕೇಳಿದ. ತಲೆನೋವು ಎಂದಷ್ಟೇ ಹೇಳಿದೆ, ಶುಂಠಿ ಹಚ್ಚಿ ಮಲಗಿಸಿದ್ದನ್ನು ಮುಚ್ಚಿಟ್ಟೆ.

ಮಧ್ಯಾಹ್ನದ ಮೇಲೆ ಹೊರಗೆ ಬಂದ ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವಳು. "ಬಿಪಿ ತುಂಬಾ ಏರಿತ್ತು. ಇನ್ನೂ ತಡ ಆಗಿದ್ರೆ ಫಿಟ್ಸ್ ಬರ್ತಿತ್ತು. ಈಗ ಇಂಜೆಕ್ಷನ್ ಕೊಟ್ಟಿದೀವಿ, ಇಳೀತಿದೆ" ಅಂದಳು.

"ಹೆರಿಗೆ ಆಗಿ ಹನ್ನೊಂದು ದಿನ ಆಯ್ತಲ್ಲಮ್ಮ. ನಾನು ನೀರಿಂದ ಅಂದ್ಕೊಂಡೆ. ಕುಡಿಯೋಕೇ ಕೊಡ್ತಿರಲಿಲ್ಲ."

"ಹೆರಿಗೆ ಆಗಿ ವಾರಗಳಾದ್ಮೇಲೂ ಬರಬಹುದಮ್ಮ. ನೀರು ಕುಡಿದಿದ್ದಕ್ಕೆ ಬಂದಿದ್ದಲ್ಲ, ನೀರು ನಿಲ್ಲಿಸಿದ್ರೆ ಹೋಗೋದೂ ಅಲ್ಲ. ಹಾಲು ಕುಡಿಸೋಳು, ಇನ್ಮೇಲೆ ಬಾಯಾರಿಕೆ ಆದಾಗ ಕೊಡಿ. ಮನೆಗೆ ಕಳಿಸುವಾಗ ಕಾಗದದಲ್ಲಿ ಎಲ್ಲಾ ಬರೆದಿದ್ವಲ್ಲ, ಓದಲಿಲ್ವಾ?"

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಮಗುವಿನ ಚುಚ್ಚುಮದ್ದಿನ ಕಾರ್ಡನ್ನು ದಿನಕ್ಕೆರಡು ಸಲ ಓದಿ ಬಾಯಿಪಾಠ ಮಾಡಿದ್ದೆ. ತಾಯಿಯ ಕಾಗದವನ್ನು ಮಗಳಿಗೂ ತೋರಿಸದೆ ಮಡಿಸಿ ತೊಟ್ಟಿಲಿನ ಹಾಸಿಗೆಯ ಕೆಳಗೆ ಇಟ್ಟಿದ್ದೆ. ಬಟ್ಟೆ ತರಲು ಮನೆಗೆ ಬಂದಾಗ ತೆಗೆದು ನೋಡಿದೆ. ಕನ್ನಡದಲ್ಲೇ ಇತ್ತು. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈಕಾಲು ಊತ, ಎದೆಗೂಡಿನ ಕೆಳಗೆ ನೋವು ಇದ್ದರೆ ಕೂಡಲೇ ಬನ್ನಿ. ಓದಲು ಹತ್ತು ನಿಮಿಷವೂ ಹಿಡಿಯಲಿಲ್ಲ.

ಎರಡು ದಿನ ಬಿಟ್ಟು ಮಗಳಿಗೆ ಕಣ್ಣು ತಿಳಿಯಾಯಿತು. ಕೂಸಿನ ಗುಳಿಯನ್ನು ಬೆರಳಿನಿಂದ ಮುಟ್ಟಿ, ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀನೇ ಟವೆಲ್ ಹೀರಿದ್ದೆ. ಬಾಯಾರಿಕೆ ಅಂದ್ರೆ ಏನು ಅಂತ ನಿಂಗೊತ್ತಿತ್ತು. ಮತ್ತೆ ನಂಗ್ಯಾಕಮ್ಮ?"

ಕೋಪವಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಗಳು ಈಗ ಮನೆಯಲ್ಲಿದ್ದಾಳೆ. ಮಾತ್ರೆ ನಡೆಯುತ್ತಿದೆ, ಬಿಪಿ ಮಿಷನ್ನು ಮಂಚದ ಪಕ್ಕದಲ್ಲೇ ಇದೆ. ಸಾಕ್ಸು ತೆಗೆದುಹಾಕಿದ್ದೇನೆ. ಮೊನ್ನೆ ಬೆಳಿಗ್ಗೆ ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳು ಒತ್ತುತ್ತಿದ್ದೆ, ತೊಟ್ಟಿಲಿನಲ್ಲಿ ಕೂಸು ಕುಂಯ್‌ಗುಟ್ಟಿತು.

"ಅಮ್ಮ, ನಿನ್ ಮೊಮ್ಮಗಳು ಕರೀತಿದಾಳೆ."

"ಕರೀಲಿ. ಆ ಕಾಲೂ ಕೊಡು."

ಕುಳಿ ಬೀಳಲಿಲ್ಲ. ಆದರೂ ಇನ್ನೊಮ್ಮೆ ಒತ್ತಿ ನೋಡಿದೆ. ನೀರಿನ ಚೊಂಬನ್ನು ಅವಳ ಕೈಗೆ ಸಿಗುವ ಹಾಗೆ ಇಟ್ಟು, ಆಮೇಲೆ ತೊಟ್ಟಿಲಿನ ಕಡೆ ಎದ್ದೆ.